ಮನೆ ತಾಪತ್ರಯದ ನಡುವೆ ಬರೆಯೋದು ಯಾವಾಗ?

‘ಮನೆಕೆಲಸ, ಮಕ್ಕಳು, ಸೋರುವ ನಲ್ಲಿ, ಹುಷಾರಿಲ್ಲದ ಹಿರಿಯರು. ಇದರ ಮಧ್ಯೆ ಬರೆಯೋಕೆ ಹೊತ್ತು ಎಲ್ಲಿಂದ ತರೋದು?’ ಬರವಣಿಗೆಯ ಮಾತು ಬಂದಲ್ಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ಕೇಳುವವರಿಗೆ ಬೇಕಿರುವುದು ಒಂದು ವೇಳಾಪಟ್ಟಿ. ಅದನ್ನು ಕೊಡಲಾರೆ, ಏಕೆಂದರೆ ಯಾವ ಮನೆಯೂ ವೇಳಾಪಟ್ಟಿಗೆ ಬಗ್ಗುವುದಿಲ್ಲ. ಅಲ್ಲಲ್ಲಿ ಹದಿನೈದು, ಇಪ್ಪತ್ತು ನಿಮಿಷ ಹೆಚ್ಚಿನವರಿಗೆ ಸಿಕ್ಕೇ ಸಿಗುತ್ತದೆ. ಆದರೆ ಅದರಲ್ಲಿ ಹನ್ನೆರಡು ನಿಮಿಷ ಹಿಂದಿನ ಪುಟ ಓದಿ ‘ಎಲ್ಲಿದ್ದೆ ನಾನು?’ ಎಂದು ಹುಡುಕುವುದಕ್ಕೇ ಹೋಗುತ್ತದೆ. ಆದ್ದರಿಂದ ಮೊದಲು ಕಲಿಯಬೇಕಾದದ್ದು ಬರೆಯುತ್ತಿದ್ದವರು ಎದ್ದು ಹೋಗುವ ರೀತಿಯನ್ನು.

ಏಳುವ ಮುನ್ನ, ಪೆನ್ನು ಕೈಯಲ್ಲಿರುವಾಗಲೇ, ಅಂಚಿನಲ್ಲಿ ಎರಡು ಸಾಲು ಗೀಚಿ: ಮುಂದಿನ ವಾಕ್ಯ ಯಾವುದರ ಬಗ್ಗೆ, ಅನುಮಾನ ಎಲ್ಲಿದೆ. ‘ಮುಂದೆ: ಅಜ್ಜಿ ಬೀಗದಕೈ ಹುಡುಕುವುದು. ಆಗ ಮಳೆ ಬಂದಿತ್ತಾ? ಮೇಲೆ ನೋಡು.’ ಇಷ್ಟು ಸಾಕು, ಅರ್ಧ ನಿಮಿಷದ ಕೆಲಸ. ಮುಗಿಯದ ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಳೆಯದರಲ್ಲೇ ಉಳಿಯುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಅವರೇ ಇನ್ನೊಬ್ಬ ಸಂಶೋಧಕಿ ಥೆರೇಸಾ ಗ್ಲಾಂಬ್ ಜೊತೆ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲ್ಲಿಗೆ ಬಂದಿದ್ದೇನೆ, ಮರಳಿದ ಮೇಲೆ ಏನು ಮಾಡಬೇಕು ಎಂದು ಬರೆದಿಟ್ಟು ಹೋದವರು ಅಡ್ಡ ಬಂದ ಕೆಲಸವನ್ನೂ ಹೆಚ್ಚು ಗಮನವಿಟ್ಟು ಮಾಡಿದರು. ಅಂದರೆ ಆ ಎರಡು ಸಾಲಿನ ಲಾಭ ನಿಮ್ಮನ್ನು ಕರೆದವರಿಗೂ ಉಂಟು.

ಪ್ಯಾರಾ ಮುಗಿಸಿಯೇ ಏಳುತ್ತೇನೆ ಎಂಬ ಹಟ ಬೇಡ. ಮುಗಿದ ಪ್ಯಾರಾದ ನಂತರ ಹೊಸದಾಗಿ ಯೋಚಿಸಬೇಕಾಗುತ್ತದೆ. ಅರ್ಧಕ್ಕೆ ನಿಂತ ವಾಕ್ಯವಾದರೆ ಬಂದು ಅದನ್ನು ಪೂರ್ತಿ ಮಾಡುವಷ್ಟರಲ್ಲಿ ಕೈ ಓಡತೊಡಗಿರುತ್ತದೆ.

ಇನ್ನು ತಲೆ ತಿನ್ನುವ ತಾಪತ್ರಯಗಳು. ಇವುಗಳಲ್ಲಿ ಎರಡು ಜಾತಿ. ಗ್ಯಾಸ್ ವಾಸನೆ, ಮಗುವಿನ ಜ್ವರ, ನೀರು ಹರಿದು ಕೋಣೆಗೆ ನುಗ್ಗಿದ್ದು: ಇವಕ್ಕೆ ಬರವಣಿಗೆ ಬಿಟ್ಟು ಓಡಬೇಕು, ಚರ್ಚೆಯೇ ಇಲ್ಲ. ಕಟ್ಟಬೇಕಾದ ಬಿಲ್ಲು, ತೊಟ್ಟಿಕ್ಕುವ ನಲ್ಲಿ, ಆಡಬೇಕಾದ ಒಂದು ಕಷ್ಟದ ಮಾತು: ಇವು ಈಗ ಕೇಳುತ್ತಿರುವುದು ‘ಮರೆಯಬೇಡ’ ಎಂದಷ್ಟೇ. ಬರೆಯಲು ಕೂರುವ ಮೊದಲು ಎರಡು ನಿಮಿಷ ಇವನ್ನು ಬೇರೆ ಚೀಟಿಯಲ್ಲಿ ಇಳಿಸಿ. ಬರೆಯುವ ಪುಸ್ತಕದಲ್ಲಿ ಬೇಡ. ಅಲ್ಲಿ ಬರೆದರೆ ಪುಟ ತೆರೆದಾಗಲೆಲ್ಲ ಕಣ್ಣಿಗೆ ಬೀಳುತ್ತವೆ. ಬರೆಯುವ ರೀತಿಯೂ ಮುಖ್ಯ. ‘ನಲ್ಲಿ’ ಎಂದಷ್ಟೇ ಬರೆದರೆ ಚಿಂತೆ ಹಾಗೇ ಇರುತ್ತದೆ. ‘ಶನಿವಾರ ಬೆಳಿಗ್ಗೆ ಪ್ಲಂಬರ್‌ಗೆ ಫೋನ್, ವಾಷರ್ ತರಲು ಹೇಳುವುದು’ ಎಂದು ದಿನ ಮತ್ತು ಮೊದಲ ಹೆಜ್ಜೆ ಎರಡನ್ನೂ ಬರೆಯಿರಿ. ಮುಗಿಯದ ಗುರಿಗಳು ತಲೆಗೆ ಕೊಡುವ ಕಾಟ, ನಿರ್ದಿಷ್ಟ ಯೋಜನೆ ಮಾಡಿದ ಕೂಡಲೇ ತಗ್ಗುತ್ತದೆ ಎಂಬುದು ಮನಶ್ಶಾಸ್ತ್ರಜ್ಞರಾದ ಮಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಕಂಡುಕೊಂಡ ವಿಷಯ. ಅದಕ್ಕೆ ಕೆಲಸವೇ ಮುಗಿದಿರಬೇಕೆಂದಿಲ್ಲ.

ಹೊತ್ತನ್ನು ಗಡಿಯಾರಕ್ಕಲ್ಲ, ದಿನವೂ ಆಗಿಯೇ ತೀರುವ ಒಂದು ಕೆಲಸಕ್ಕೆ ಗಂಟು ಹಾಕಿ. ‘ಸಂಜೆ ಆರಕ್ಕೆ’ ಎಂದರೆ ಆರಕ್ಕೆ ಇನ್ನೇನೋ ಆಗುತ್ತದೆ. ‘ವಾಷಿಂಗ್ ಮೆಷಿನ್ ಶುರುಮಾಡಿದ ಕೂಡಲೇ’ ಎಂದರೆ ಹೊತ್ತು ಹಿಂದೆ ಮುಂದೆ ಆದರೂ ತಪ್ಪುವುದಿಲ್ಲ. ಮುಗಿದಾಗ ಅದೇ ಕೂಗಿ ಹೇಳುತ್ತದೆ. ಒಲೆಯ ಮೇಲೆ ಏನನ್ನಾದರೂ ಇಟ್ಟು ಬಂದು ಮಾತ್ರ ಕೂರಬೇಡಿ. ಅರ್ಧ ಕಿವಿ ಅಲ್ಲೇ ಇರುತ್ತದೆ, ಇಲ್ಲದಿದ್ದರೆ ಸೀದ ವಾಸನೆ ಬರುತ್ತದೆ. ನಸುಕಿನಲ್ಲಿ ಎದ್ದು ಬರೆಯಿರಿ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಒಂದು ಗಂಟೆ ಬೇಗ ಮಲಗಲು ಆಗುವವರಿಗೆ ಅದು ಸರಿ. ರಾತ್ರಿ ಮಗುವಿಗಾಗಿ ಮೂರು ಸಲ ಏಳುವವರಿಗೆ ಅದನ್ನು ಹೇಳುವುದು ಕ್ರೌರ್ಯ.

ಮನೆಯವರಿಗೆ ‘ತೊಂದರೆ ಕೊಡಬೇಡಿ’ ಅನ್ನುವುದಕ್ಕಿಂತ ಯಾವಾಗ ಏಳುತ್ತೇನೆಂದು ಹೇಳುವುದು ಹೆಚ್ಚು ನಡೆಯುತ್ತದೆ: ‘ದೊಡ್ಡ ಮುಳ್ಳು ಆರಕ್ಕೆ ಬರುವವರೆಗೆ.’ ಗಡಿಯಾರ ನೋಡಲು ಬಾರದ ಮಕ್ಕಳಿಗೆ ಮರಳು ಗಡಿಯಾರ ಸಾಕು. ಹೇಳಿದ ಹೊತ್ತಿಗೆ ನೀವು ಎದ್ದೇ ಏಳಬೇಕು. ಒಮ್ಮೆ ಮಾತು ತಪ್ಪಿದರೆ ಮರುದಿನ ಐದೇ ನಿಮಿಷಕ್ಕೆ ‘ಆಯ್ತಾ?’ ಶುರುವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ 20 ನಿಮಿಷ ಬಾಗಿಲ ಗಂಟೆ, ಫೋನು ಯಾರದು ಎಂದು ಹೆಸರು ಹಿಡಿದು ತೀರ್ಮಾನಿಸಿ. ಇನ್ನೊಬ್ಬ ದೊಡ್ಡವರು ಮನೆಯಲ್ಲಿದ್ದೂ ಕರೆದದ್ದಕ್ಕೆಲ್ಲ ಒಬ್ಬರೇ ಏಳಬೇಕಾದರೆ, ಸಮಸ್ಯೆ ಬರವಣಿಗೆಯ ಅಭ್ಯಾಸದ್ದಲ್ಲ, ಕೆಲಸ ಹಂಚಿಕೆಯದ್ದು. ಯಾವ ಉಪಾಯವೂ ಅದನ್ನು ಮುಚ್ಚಲಾರದು.

ಸಿಕ್ಕ ಹೊತ್ತಿಗೆ ತಕ್ಕ ಕೆಲಸ ಆರಿಸಿಕೊಳ್ಳಿ. ನಿಂತಲ್ಲೇ ಸಿಗುವ ಒಂದು ನಿಮಿಷಕ್ಕೆ ಟಿಪ್ಪಣಿ, ಗಮನವಿರುವ 20 ನಿಮಿಷಕ್ಕೆ ಹೊಸ ಬರಹ, ದಣಿದ ರಾತ್ರಿಗೆ ಕಾಗುಣಿತ ತಿದ್ದುವುದು. ಹಲವರು ಸುಲಭವೆಂದು ಒಳ್ಳೆಯ ಹೊತ್ತನ್ನೇ ತಿದ್ದುವುದಕ್ಕೆ ಕೊಟ್ಟುಬಿಡುತ್ತಾರೆ. ಹಾಗಾಗಿ ಮೊದಲ ಪುಟ ನಯವಾಗುತ್ತ ಹೋಗುತ್ತದೆ, ಎರಡನೆಯದು ಹುಟ್ಟುವುದೇ ಇಲ್ಲ. ಧ್ವನಿಯಿಂದ ಟೈಪ್ ಮಾಡುವುದು ಟಿಪ್ಪಣಿಗೆ ಅಡ್ಡಿಯಿಲ್ಲ, ಆದರೆ ಅದೇ ದಿನ ಓದಿ ಸರಿಪಡಿಸಿ. ಹೆಸರುಗಳೂ ಆಡುಮಾತಿನ ರೂಪಗಳೂ ಕೆಟ್ಟಿರುತ್ತವೆ, ವಾರ ಕಳೆದರೆ ಏನು ಹೇಳಿದ್ದೆವೆಂದು ನಮಗೇ ತಿಳಿಯದು.

ತಾರೀಖು ಅಚ್ಚಾದ ಡೈರಿ ಕೊಳ್ಳಬೇಡಿ. ಮನೆಯಲ್ಲಿ ಕಾಯಿಲೆ ಬಂದು ಒಂದು ವಾರ ತಪ್ಪಿದರೆ ಏಳು ಖಾಲಿ ಪುಟ ಎದುರಿಗಿರುತ್ತವೆ, ಅವನ್ನು ತುಂಬಿಸಲು ಹೋಗಿಯೇ ಹಲವರು ನಿಲ್ಲಿಸುವುದು. ಗೆರೆಯ ಸಾದಾ ನೋಟ್‌ಬುಕ್ಕು, ಬಲಪುಟದಲ್ಲಿ ಬರಹ, ಎಡಪುಟ ತಿದ್ದುಪಡಿಗೆ. ತಪ್ಪಿದ ದಿನಗಳನ್ನು ಬಿಟ್ಟು ಇವತ್ತಿನ ತಾರೀಖು ಹಾಕಿ. ಏನೂ ಆಗದ ದಿನ ಒಂದೇ ಸಾಲು, ಆದರೆ ಅದರಲ್ಲಿ ಕಣ್ಣಿಗೋ ಕಿವಿಗೋ ಸಿಗುವ ಒಂದು ವಿವರವಿರಲಿ. ‘ಇವತ್ತು ತುಂಬಾ ಸುಸ್ತು’ ಎಂಬುದು ಮುಂದೆ ಯಾವುದಕ್ಕೂ ಬಾರದು. ‘ರಾತ್ರಿ ಮೂರಕ್ಕೆ ಜ್ವರ 101, ಥರ್ಮಾಮೀಟರ್ ಓದಲು ಕನ್ನಡಕ ಸಿಗಲಿಲ್ಲ’ ಎಂದಿದ್ದರೆ ವರ್ಷದ ನಂತರವೂ ಅದರಿಂದ ಒಂದು ಪುಟ ಎಬ್ಬಿಸಬಹುದು.