ಹತ್ತಿಬಟ್ಟೆ ಸುಂಕದ ಗ್ರಾಫ್: ಮೂರನೇ ವಾರ

ಗ್ರಾಫ್ ಹಾಳೆಗಳನ್ನು ಅಂಟಿಸಿ ಉದ್ದ ಮಾಡಿಕೊಂಡಿದ್ದೇನೆ. 1875ರಿಂದ 1926ರವರೆಗೆ, ವರ್ಷಕ್ಕೆ ಎರಡು ಸೆಂಟಿಮೀಟರ್. ಇಂಗ್ಲೆಂಡಿನಿಂದ ಭಾರತಕ್ಕೆ ಬರುತ್ತಿದ್ದ ಬಟ್ಟೆಯ ಆಮದು ಸುಂಕಕ್ಕೆ ನೀಲಿ ಶಾಯಿ. ಭಾರತದ ಮಿಲ್‌ಗಳ ಮೇಲೆ ಬಿದ್ದ ಅಬಕಾರಿ ಸುಂಕಕ್ಕೆ, ಅಂದರೆ ಇಲ್ಲೇ ತಯಾರಾದ ಸರಕಿನ ಮೇಲಿನ ಸುಂಕಕ್ಕೆ, ಕೆಂಪು.

ಮೊದಲ ತುಂಡು ಬೇಗ ಮುಗಿಯಿತು. ನೀಲಿ ಶೇ. 5ರಲ್ಲಿ ಶುರುವಾಗಿ 1882ಕ್ಕೆ ಸೊನ್ನೆಗೆ ಇಳಿಯುತ್ತದೆ. 1879ರ ಹತ್ತಿರ ಒಂದು ಚುಕ್ಕೆ ಇಟ್ಟೆ. ದಪ್ಪ ಬಟ್ಟೆಯ ಸುಂಕ ತೆಗೆಯುವುದು ಬೇಡ ಅಂತ ವೈಸರಾಯ್ ಮಂಡಳಿಯ ಹೆಚ್ಚಿನವರು ಹೇಳಿದ್ದರು. ಆ ಮಾತು ಬದಿಗಿಟ್ಟು ವೈಸರಾಯ್ ಲಿಟ್ಟನ್ ಸುಂಕ ತೆಗೆದುಬಿಟ್ಟ. ಆಗಷ್ಟೇ ದೊಡ್ಡ ಬರ ಮುಗಿದಿತ್ತು, ಅಫಘಾನ್ ಯುದ್ಧ ನಡೆಯುತ್ತಿತ್ತು, ಖಜಾನೆಗೆ ಒಂದೊಂದು ರೂಪಾಯಿಯೂ ಬೇಕಿತ್ತು.

ಕಷ್ಟ ಶುರುವಾಗಿದ್ದು 1894ರಲ್ಲಿ. ಪೌಂಡ್ ಎದುರು ರೂಪಾಯಿ ಬೆಲೆ ಕುಸಿದು ಸರ್ಕಾರಕ್ಕೆ ಹಣ ಸಾಲದೆ, ಮಾರ್ಚ್‌ನಲ್ಲಿ ಆಮದಿನ ಮೇಲೆ ಮತ್ತೆ ಶೇ. 5 ಸುಂಕ ಬಂತು. ಹತ್ತಿಬಟ್ಟೆಗೆ ಮಾತ್ರ ಇಲ್ಲ. ಡಿಸೆಂಬರ್‌ನಲ್ಲಿ ಅದಕ್ಕೂ ಹಾಕಿದರು. ಆದರೆ ಇಂಗ್ಲೆಂಡಿನ ಬಟ್ಟೆ ಮಿಲ್‌ಗಳ ಸೀಮೆಯಾದ ಲ್ಯಾಂಕಾಷೈರ್‌ಗೆ ನಷ್ಟ ಆಗಬಾರದು ಅಂತ, 20ನೇ ನಂಬರಿಗಿಂತ (ನಂಬರ್ ಹೆಚ್ಚಿದಷ್ಟೂ ನೂಲು ನಯ) ನಯವಾದ ಭಾರತದ ಮಿಲ್ ನೂಲಿನ ಮೇಲೂ ಅಷ್ಟೇ ಅಬಕಾರಿ. ನನ್ನ ಕೆಂಪು ಗೆರೆ ಹುಟ್ಟಿದ್ದು ಇಲ್ಲಿ.

1896ರಲ್ಲಿ ನೂಲನ್ನು ಬಿಟ್ಟು, ಬಟ್ಟೆಗೆ ಎರಡೂ ಕಡೆ ಶೇ. 3.5 ಮಾಡಿದರು. ಇದನ್ನು ಬರೆಯುವಾಗ ತುಂಬಾ ಸಂಕಟ ಆಯಿತು. ಬಡವರು ಉಡುವ ದಪ್ಪ ಮಿಲ್ ಬಟ್ಟೆಗೆ ಲ್ಯಾಂಕಾಷೈರ್ ಜೊತೆ ಪೈಪೋಟಿಯೇ ಇರಲಿಲ್ಲ ಅನ್ನಬಹುದು. ಅದಕ್ಕೂ ಸುಂಕ ಬಿತ್ತು. ಕೈಮಗ್ಗದ ಬಟ್ಟೆಗೆ ಮಾತ್ರ ಸುಂಕ ಬೀಳಲಿಲ್ಲ.

ಅಲ್ಲಿಂದ 21 ವರ್ಷ, ಅಂದರೆ 42 ಸೆಂಟಿಮೀಟರ್, ಎರಡು ಗೆರೆಯೂ ಒಂದರ ಮೇಲೊಂದು. ಕೆಂಪಿನ ಮೇಲೆ ನೀಲಿ ಎಳೆದರೆ ಶಾಯಿ ಹರಡಿ ನೇರಳೆ ಆಯಿತು. ಕೂದಲೆಳೆ ಜಾಗ ಬಿಟ್ಟು ಪಕ್ಕಪಕ್ಕ ಎಳೆದೆ. ನೋಡಿದವರಿಗೆ ದರದಲ್ಲಿ ವ್ಯತ್ಯಾಸ ಇತ್ತು ಅನ್ನಿಸುತ್ತದೆ, ಅದು ಸುಳ್ಳಾಗುತ್ತದೆ ಅಲ್ವಾ? ಆ ಹಾಳೆ ತೆಗೆದು ಹೊಸದು ಅಂಟಿಸಿದೆ. ಈಗ ಒಂದು ತುಂಡು ಕೆಂಪು, ಒಂದು ತುಂಡು ನೀಲಿ, ಒಂದೇ ಗೆರೆ.

ನಿನ್ನೆ 1917 ಮುಟ್ಟಿದೆ. ಮೊದಲ ಮಹಾಯುದ್ಧಕ್ಕೆ ಭಾರತ 10 ಕೋಟಿ ಪೌಂಡ್ ಕೊಟ್ಟ ವರ್ಷ. ನೀಲಿ ಶೇ. 7.5ಕ್ಕೆ ಏರಿತು, ಕೆಂಪು ಅಲ್ಲೇ ನಿಂತಿತು. ಲ್ಯಾಂಕಾಷೈರ್ ಜೋರಾಗಿ ವಿರೋಧಿಸಿದರೂ ಈ ಸಲ ನಡೆಯಲಿಲ್ಲ. ಗೆರೆಗಳು ಬೇರೆಯಾದ ಆ ಚೌಕವನ್ನು ಬರೆದು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ. 1921ರಲ್ಲಿ ನೀಲಿ ಶೇ. 11ಕ್ಕೆ ಏರುವುದು, 1925ರ ಡಿಸೆಂಬರ್‌ನಲ್ಲಿ ಕೆಂಪು ಮುಗಿಯುವುದು, ಇಷ್ಟು ಬಾಕಿ.

ಆಮೇಲೆ ಹಾಳೆಯ ಕೆಳಗೆ ರೂಪಾಯಿ–ಪೌಂಡ್ ದರದ ಪಟ್ಟಿ ಸೇರಿಸಬೇಕು. ಅದಿಲ್ಲದೆ 1894ರಲ್ಲಿ ನೀಲಿ ಯಾಕೆ ಮೇಲೆದ್ದಿತು ಅನ್ನುವುದು ಕಾಣುವುದಿಲ್ಲ.