ಅಪ್ಪನ ಮೂತ್ರ ಅಳೆದ ದಿನ

ಅಪ್ಪ ರಾತ್ರಿಯೆಲ್ಲ ಎದ್ದೆದ್ದು ಬಾತ್‌ರೂಮಿಗೆ ಹೋಗೋದು ಶುರುವಾದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ಶುಗರ್ ಇರಬೇಕು, ಚೆಕ್ ಮಾಡಿಸಿ." ಅದು ಸರಿಯಾದ ಅನುಮಾನವೇ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಕಿಡ್ನಿಗೆ ಅಷ್ಟನ್ನೂ ವಾಪಸ್ ಹೀರಿಕೊಳ್ಳಲು ಆಗುವುದಿಲ್ಲ. ಉಳಿದ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಸಿಕ್ಕಾಪಟ್ಟೆ ಬಾಯಾರಿಕೆ ಆಗೋದೂ ಅದಕ್ಕೇ. ಆದರೆ ಅಪ್ಪನ ಶುಗರ್ ನಾರ್ಮಲ್ ಬಂತು. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಸರಿಯಿತ್ತು, ಸೋಂಕೂ ಇರಲಿಲ್ಲ. ನಿದ್ದೆ ಮಾತ್ರ ಇಲ್ಲ. ಹಗಲು ಕೂತಲ್ಲೇ ತೂಕಡಿಸುತ್ತಿದ್ದರು. ನೋಡಿದರೆ ಸಂಕಟ ಆಗುತ್ತಿತ್ತು.

ಆಮೇಲೆ ನೋಡಿದ ಡಾಕ್ಟರ್ ಬೇರೆಯದೇ ಪ್ರಶ್ನೆ ಕೇಳಿದರು. "ಎಷ್ಟು ಸಲ ಅಂತ ಹೇಳಿದ್ರಿ. ಒಂದೊಂದು ಸಲಕ್ಕೆ ಎಷ್ಟು ಹೋಗುತ್ತೆ?" 24 ಗಂಟೆ ಅಳೆದು ಬರೆದುಕೊಂಡು ಬನ್ನಿ ಅಂದರು.

ಅಪ್ಪನಿಗೆ ಭಾರೀ ಮುಜುಗರ. "ಇದನ್ನೂ ಅಳೀತಾರೇನೋ?" ಅಂದರು. ಬೆಳಿಗ್ಗೆ ಎದ್ದ ಕೂಡಲೇ ಹೋಗಿದ್ದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಮರುದಿನ ಎದ್ದಾಗಿನದ್ದನ್ನು ಸೇರಿಸಬೇಕು. ಗೆರೆ ಇರುವ ಪ್ಲಾಸ್ಟಿಕ್ ಮಗ್ ತಂದುಕೊಟ್ಟೆ, ಬಾಗಿಲ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಅವರೇ ಹುರುಪಿನಿಂದ ಬರೆಯತೊಡಗಿದರು. ಗಂಟೆ, ಎಂಎಲ್, ಕುಡಿದ ನೀರು, ಎಲ್ಲ ಸಾಲಾಗಿ.

ದೊಡ್ಡವರಿಗೆ ದಿನಕ್ಕೆ 3 ಲೀಟರ್ ದಾಟಿದರೆ ಅತಿಮೂತ್ರ ಅನ್ನುತ್ತಾರೆ. ಆಗ ಹುಡುಕುವ ಕಾರಣಗಳೇ ಬೇರೆ. ನೀರು ಹಿಡಿದಿಡುವಂತೆ ಕಿಡ್ನಿಗೆ ಹೇಳುವ ಹಾರ್ಮೋನ್ ಕಡಿಮೆಯಾಗಿರಬಹುದು, ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ಕಾರಣವಿರಬಹುದು. ಅಪ್ಪನದ್ದು 2 ಲೀಟರೂ ಇರಲಿಲ್ಲ. ಆದರೆ ಅರ್ಧಕ್ಕಿಂತ ಜಾಸ್ತಿ ರಾತ್ರಿಯೇ ಹೋಗಿತ್ತು! ವಯಸ್ಸಾದವರಿಗೆ ದಿನದ ಒಟ್ಟಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ರಾತ್ರಿ ಹೋದರೆ ಕಾರಣ ಹುಡುಕಬೇಕಂತೆ.

ನೋಟ್‌ಬುಕ್ ನೋಡಿದ ಡಾಕ್ಟರ್, ಗೊರಕೆ ಜೋರಾ ಅಂತ ವಿಚಾರಿಸಿದರು. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೂ ಹೀಗಾಗುತ್ತದಂತೆ. ಆಮೇಲೆ ಅಪ್ಪನ ಪ್ಯಾಂಟ್ ಮೇಲೆತ್ತಿ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು. ಸಾಕ್ಸ್ ಅಂಚಿನ ಗುರುತೂ ಆಳವಾಗಿಯೇ ಇತ್ತು. ಹಗಲೆಲ್ಲ ಕಾಲಲ್ಲಿ ತುಂಬಿಕೊಂಡ ನೀರು, ಮಲಗಿದ ಮೇಲೆ ರಕ್ತಕ್ಕೆ ಮರಳುತ್ತದೆ. ಕಿಡ್ನಿ ಅದನ್ನು ಹೊರಹಾಕುತ್ತದೆ. ಹಾರ್ಟು, ಕಿಡ್ನಿ ಎರಡನ್ನೂ ಪರೀಕ್ಷಿಸಿದರು, ತೊಂದರೆಯಿರಲಿಲ್ಲ. ಉಳಿದದ್ದು ಬಿಪಿಗೆ ತಗೊಳ್ಳುತ್ತಿದ್ದ ಆಮ್ಲೋಡಿಪಿನ್. ಅದರಿಂದ ಕೆಲವರಿಗೆ ಕಾಲು ಊದುತ್ತದೆ.

ಡಾಕ್ಟರೇ ಬೇರೆ ಮಾತ್ರೆ ಬರೆದುಕೊಟ್ಟರು. ಸುಮ್ನೆ ನಾವಾಗಿ ನಿಲ್ಲಿಸಿದ್ದರೆ ಬಿಪಿ ಏರುತ್ತಿತ್ತು. ಸಂಜೆ ಸ್ವಲ್ಪ ಹೊತ್ತು ಕಾಲು ಎತ್ತರದಲ್ಲಿಟ್ಟು ಮಲಗಲು ಹೇಳಿದರು, ಹಾಗಾದರೆ ಆ ನೀರು ರಾತ್ರಿ ನಿದ್ದೆಗೆ ಹೋಗುವ ಮುಂಚೆಯೇ ಹೋಗಿಬಿಡುತ್ತದೆ. ಊತ ಇಳಿದ ಮೇಲೆ ಅಪ್ಪ ರಾತ್ರಿ ಒಮ್ಮೆ ಏಳುತ್ತಾರೆ, ಅಷ್ಟೇ.