‘ಕರ್ನಾಟಕ’ ಎಂದು ಹುಡುಕಿದರೆ ಸಿಗದ ಹದಿನಾರು ವರ್ಷ

ಕೊಪ್ಪ, ಎನ್.ಆರ್.ಪುರ ಕಡೆಯ ಮಂಗನ ಕಾಯಿಲೆ ಮೇಲೆ ಸಿನಾಪ್ಸಿಸ್ (ಪ್ರಬಂಧದ ರೂಪುರೇಷೆ) ಬರೆಯುತ್ತಿದ್ದ ಪಿಜಿ ವಿದ್ಯಾರ್ಥಿನಿಗೆ ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಎಂಬ ಜಾಲತಾಣದಿಂದ ಲೇಖನಗಳ ಪಟ್ಟಿ ತೆಗೆದುಕೊಟ್ಟಿದ್ದೆ. ಸಲ್ಲಿಸಲು ಒಂದೇ ದಿನ ಉಳಿದಿತ್ತು. ಅವರ ಗೈಡ್ ನಾನು ಕೆಲಸ ಮಾಡುವ ಲೈಬ್ರರಿಗೇ ಬಂದು ಪಟ್ಟಿಯನ್ನು ಮೇಜಿನ ಮೇಲಿಟ್ಟರು. “ಕ್ಯಾಸನೂರಲ್ಲಿ ಕಾಯಿಲೆ ಗುರುತಿಸಿದ್ದು 1957ರಲ್ಲಿ. ಇದರಲ್ಲಿ 1973ಕ್ಕಿಂತ ಹಿಂದಿನದು ಒಂದೂ ಇಲ್ವಲ್ರೀ?” ನೆಟ್ ನಿಧಾನ. ಪುಟ ತೆರೆದುಕೊಳ್ಳುವವರೆಗೂ ಅವರು ನಿಂತೇ ಇದ್ದರು.

ತಪ್ಪು ನನ್ನದೇ. ಕಾಯಿಲೆಯ ಹೆಸರಿನ ಜೊತೆಗೆ ‘ಆಂಡ್ ಕರ್ನಾಟಕ’ (ಎರಡೂ ಪದ ಇರಲೇಬೇಕು) ಎಂದು ಹಾಕಿ, ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಮಾತ್ರ ಹುಡುಕಿದ್ದೆ. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮುಂಚಿನವರು ಬರೆದದ್ದು ‘ಮೈಸೂರು ಸ್ಟೇಟ್’. ಸಾಲದ್ದಕ್ಕೆ 1975ಕ್ಕೆ ಹಿಂದಿನ ಹೆಚ್ಚಿನ ದಾಖಲೆಗಳಿಗೆ ಅಲ್ಲಿ ಸಾರಾಂಶವೇ ಇಲ್ಲ. ಶೀರ್ಷಿಕೆಯಲ್ಲಿ ಪದ ಇಲ್ಲವೆಂದರೆ ದಾಖಲೆ ಕೈತಪ್ಪಿದಂತೆಯೇ.

ಊರುಗಳದ್ದು ಇನ್ನೂ ತೊಡಕು. 2014ರ ನವೆಂಬರ್‌ನಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು. ಹಳೆಯ ಲೇಖನಗಳಲ್ಲಿ ಶಿಮೊಗ, ಈಚಿನವುಗಳಲ್ಲಿ ಶಿವಮೊಗ್ಗ. ನಮ್ಮ ಚಿಕ್ಕಮಗಳೂರಿಗೆ ಮೊದಲು ನಡುವೆ ಒಂದೇ ‘ಕೆ’, ಕೊನೆಗೆ ‘ಯು’ ಇಲ್ಲ. ಎಲ್ಲ ರೂಪಗಳನ್ನೂ ‘ಆರ್’ (ಯಾವುದಾದರೊಂದು ಇದ್ದರೂ ಸಾಕು) ಹಾಕಿ ಒಂದೇ ಬ್ರ್ಯಾಕೆಟ್‌ನೊಳಗೆ ಇಡಬೇಕು. ಪಬ್‌ಮೆಡ್ ಎಡದಿಂದ ಬಲಕ್ಕೆ ಲೆಕ್ಕ ಹಾಕುತ್ತದೆ. ‘ಕಾಯಿಲೆ ಆಂಡ್ ಶಿಮೊಗ ಆರ್ ಶಿವಮೊಗ್ಗ’ ಎಂದು ಬ್ರ್ಯಾಕೆಟ್ ಇಲ್ಲದೆ ಕೊಟ್ಟರೆ, ಶಿವಮೊಗ್ಗ ಎಂದಿರುವ ಸಕ್ಕರೆ ಕಾಯಿಲೆ ಲೇಖನಗಳೂ ಬಂದು ಕೂರುತ್ತವೆ.

ನಿಜವಾಗಿ ಇಲ್ಲಿ ಊರೇ ಬೇಡವಾಗಿತ್ತು. ಮಂಗನ ಕಾಯಿಲೆಯ ಸಾಹಿತ್ಯ ಕಣ್ಣಲ್ಲೇ ಜಾಲಾಡುವಷ್ಟಿದೆ. ಮೆಶ್ ಪದವನ್ನೂ (ಲೇಖನಕ್ಕೆ ಹಚ್ಚುವ ನಿಗದಿತ ವಿಷಯಪದ), ಶೀರ್ಷಿಕೆ–ಸಾರಾಂಶದ ಪದವನ್ನೂ ‘ಆರ್’ನಿಂದ ಜೋಡಿಸಿದರೆ ಸಾಕು. ಮೆಶ್ ಒಂದನ್ನೇ ನಂಬಬಾರದು, ಪಬ್‌ಮೆಡ್‌ನ ಮುಖ್ಯ ಭಾಗವಾದ ಮೆಡ್‌ಲೈನ್ ಸೇರದ ದಾಖಲೆಗಳಿಗೆ ಅದು ಇರುವುದಿಲ್ಲ. ಪದಕ್ಕೆ ಕೊಟೇಶನ್ ಗುರುತೋ, ಪದದ ಬೇರೆ ಬೇರೆ ಕೊನೆಗಳನ್ನೂ ಹುಡುಕಲು ಬಳಸುವ ನಕ್ಷತ್ರವೋ (*) ಹಾಕಿದರೆ ಪಬ್‌ಮೆಡ್ ತಾನಾಗಿ ಮೆಶ್‌ಗೆ ಹೊಂದಿಸುವುದೂ ನಿಲ್ಲುತ್ತದೆ. ನಕ್ಷತ್ರಕ್ಕೆ ಮುಂಚೆ ಕನಿಷ್ಠ 4 ಅಕ್ಷರ ಬೇಕು. ‘ನಾಟ್ ಡೆಂಗಿ’ (ಡೆಂಗಿ ಇರುವುದು ಬೇಡ) ಎಂದು ಮಾತ್ರ ಹಾಕಬೇಡಿ, ಎರಡೂ ಜ್ವರಗಳನ್ನು ಹೋಲಿಸಿದ ಲೇಖನಗಳೂ ಹೋಗಿಬಿಡುತ್ತವೆ.

ಕೊಟ್ಟ ಪದವನ್ನು ಯಂತ್ರ ಹೇಗೆ ಅರ್ಥ ಮಾಡಿಕೊಂಡಿತು ಎಂಬುದು ಅಡ್ವಾನ್ಸ್ಡ್ ಪುಟದಲ್ಲಿ, ಸರ್ಚ್ ಡೀಟೇಲ್ಸ್‌ನಲ್ಲಿ ಪೂರ್ತಿ ಕಾಣುತ್ತದೆ. ಅವತ್ತು ನಾನು ಅದನ್ನು ತೆರೆದೇ ಇರಲಿಲ್ಲ.

ನಮ್ಮ ತಿಂಗಳ ವರದಿಯಲ್ಲಿ ಎಷ್ಟು ಹುಡುಕಾಟ ಮಾಡಿಕೊಟ್ಟಿರಿ ಎಂಬ ಕಾಲಂ ಇದೆ, ಯಾವ ಪದ ಹಾಕಿದಿರಿ ಎಂಬುದಕ್ಕಿಲ್ಲ. ಕೇಳಿದರೂ ಸೇರಿಸಿಲ್ಲ. ಈಗ ಪ್ರತಿ ಹುಡುಕುಸಾಲನ್ನೂ ತಾರೀಕಿನ ಸಮೇತ ರಿಜಿಸ್ಟರಿನಲ್ಲಿ ಬರೆದು, ಪಟ್ಟಿಯ ಮೊದಲ ಪುಟದಲ್ಲೂ ಅಚ್ಚು ಹಾಕಿ ಕೊಡುತ್ತಿದ್ದೇನೆ.